ಭರ್ತಿ ಕೆಳಗೆ, ಖಾಲಿ ಮೇಲೆ

ಕರಿಕಟ್ಟೆಯಲ್ಲಿ ಅಂಜಿನಕ್ಕನನ್ನು ಬೈಯದೆ ಒಲೆ ಹಚ್ಚುವ ಮನೆ ಇಲ್ಲ. ನೀರು ತಡವಾಗಿ ಬಂದರೆ ಬೈಯುತ್ತಾರೆ. ಬೇಗ ಬಂದರೆ ನಿದ್ದೆ ಕೆಡಿಸಿದಳೆಂದು ಬೈಯುತ್ತಾರೆ. ಬರದೇ ಹೋದರಂತೂ ಅವಳ ಏಳು ತಲೆಮಾರನ್ನು ಎಬ್ಬಿಸಿ, ಸಾಲಾಗಿ ಕೂರಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ಬಡಿಸುತ್ತಾರೆ. ಅವಳೇನು ಬಾಯಿಗೆ ಸೆರಗು ಇಟ್ಟುಕೊಂಡು ಕೇಳುವವಳಲ್ಲ. ವಾಲ್ ತಿರುಗಿಸುತ್ತಲೇ, ತಲೆ ಎತ್ತದೆ, ಒಂದಕ್ಕೆ ಎರಡು ಸೇರಿಸಿ ವಾಪಸು ಕೊಡುತ್ತಾಳೆ. ಬಾಯಿದ್ದವಳು ಬರಗಾಲದಲ್ಲೂ ಬದುಕಿದಳು ಎಂಬ ಮಾತು ಅವಳನ್ನು ನೋಡಿಯೇ ಹುಟ್ಟಿರಬೇಕು ಎನ್ನುತ್ತಾರೆ ಅಲ್ಲಿಯವರು. ಮೆಚ್ಚಿಕೆಯಿಂದಲ್ಲ.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ಕಡೆ ಇರುವ ಊರು ಕರಿಕಟ್ಟೆ. ಹಳ್ಳಿ ಎಂದರೆ ಅಲ್ಲಿಯವರಿಗೆ ಸಿಟ್ಟು ಬರುತ್ತದೆ, ಪಟ್ಟಣ ಎಂದರೆ ಕೊಟ್ಟೂರಿನವರಿಗೆ ನಗು ಬರುತ್ತದೆ. ನಡುವೆ ಒಂದು ದಿಬ್ಬ. ದಿಬ್ಬದ ನೆತ್ತಿಯ ಮೇಲೆ ಆರು ಕಂಬದ ನೀರಿನ ಟ್ಯಾಂಕು. ಅದರ ಬುಡದಲ್ಲೇ ಮೇಲೋಣಿ. ಅಲ್ಲಿ ಅಂಗಡಿಯವರು, ದಲಾಲಿಯವರು. ಇಳಿಜಾರಿನ ಕೊನೆಗೆ ಕೆಳಗಲ ಓಣಿ. ಅಲ್ಲಿ ಕೂಲಿಯವರು, ಗಾರೆಯವರು, ಅಂಜಿನಕ್ಕ. ಟ್ಯಾಂಕಿನಲ್ಲಿ ನೀರು ಕಡಿಮೆ ಇದ್ದಾಗ ಅದು ಇಳಿಜಾರು ಹಿಡಿದು ಕೆಳಗಲ ಓಣಿಗೆ ಓಡುತ್ತದೆ. ಮಗ್ಗುಲಲ್ಲೇ ಇರುವ ಮೇಲೋಣಿಯ ನಲ್ಲಿಗೆ ಏರಲು ಅದಕ್ಕೆ ಕಸುವಿರುವುದಿಲ್ಲ. ಇದು ನೀರಿನ ಗುಣ. ಆದರೆ ಮೇಲೋಣಿಯವರ ಕಣ್ಣಿಗೆ ಇದು ಅಂಜಿನಕ್ಕನ ಗುಣ.

ಮೊದಲು ನೀರು ಬಿಡುತ್ತಿದ್ದವನು ಅವಳ ಗಂಡ ಬೊಮ್ಮಯ್ಯ. ಹತ್ತೊಂಬತ್ತು ವರ್ಷ ಬಿಟ್ಟ. ಒಂದು ಮುಂಜಾನೆ ವಾಲಿನ ಗುಂಡಿಗೆ ಕೈ ಇಳಿಸಿದಾಗ ಒಳಗೆ ತಂಪಿಗೆ ಸುತ್ತಿಕೊಂಡಿದ್ದ ಹಾವು ಕಚ್ಚಿತು. ಅವನ ತಿಥಿಯ ದಿನಗಳು ತೀರಿದ ಮೇಲೆ ಕಚೇರಿಯವರು ಅಂಜಿನಕ್ಕನನ್ನು ಕರೆದು, ಗುತ್ತಿಗೆಯ ಮೇಲೆ ಚಾವಿ ಕೊಟ್ಟರು. ಚಾವಿ ಎಂದರೆ ಕೀಲಿ ತೆಗೆಯುವ ಚಾವಿಯಲ್ಲ. ಎದೆಯುದ್ದದ ಕಬ್ಬಿಣದ ಸರಳು, ಮೇಲೆ ಅಡ್ಡ ಹಿಡಿ, ಕೆಳಗೆ ವಾಲಿನ ತಲೆಗೆ ಕೂರುವ ಬಾಯಿ. ಆ ಚಾವಿಯೇ ಅವಳ ಊಟ, ಬಟ್ಟೆ, ಊರಿನಲ್ಲಿ ಅವಳಿಗಿರುವ ಒಂದೇ ಹಿಡಿ.

ಚಾವಿ ಕೈಗೆ ಬಂದ ದಿನವೇ ಮೇಲೋಣಿಯಿಂದ ಒಂದು ಕಟ್ಟಳೆಯೂ ಬಂತು. ತಂದವಳು ನಾಗಲಿಂಗಮ್ಮ. ಟ್ಯಾಂಕಿನ ಗೋಡೆಗೆ ಗೋಡೆ ಹಚ್ಚಿಕೊಂಡು ಅವಳ ಶೇಂಗಾ-ಜೋಳದ ಅಂಗಡಿ. ಗಂಡ ಶಿವಯೋಗಪ್ಪ ಹಾಸಿಗೆ ಹಿಡಿದ ಮೇಲೆ ತಕ್ಕಡಿಯನ್ನೂ ಓಣಿಯನ್ನೂ ಒಂದೇ ಕೈಯಲ್ಲಿ ತೂಗುತ್ತಿದ್ದಳು. ವಾಲ್ ತಿರುಗಿಸಲಿ, ಬೇಡ ಅನ್ನುವುದಿಲ್ಲ, ಆದರೆ ಹೆಂಗಸು ಟ್ಯಾಂಕಿನ ಮೇಲೆ ಹತ್ತಕೂಡದು, ಅದು ನಾವು ಲಿಂಗಕ್ಕೆ ಎರೆಯುವ ನೀರು, ಎಂದಳು. ಅದಕ್ಕೇ, ಆರು ತಿಂಗಳಿಗೊಮ್ಮೆ ಟ್ಯಾಂಕು ತೊಳೆಯಲು ಕೊಟ್ಟೂರಿನಿಂದ ಗಂಡಾಳು ಬರುತ್ತಾನೆ. ಅಂಜಿನಕ್ಕ ಏಣಿಯ ಬುಡದಲ್ಲಿ ನಿಂತು ಅವನಿಗೆ ಪೊರಕೆ ಕೊಡುತ್ತಾಳೆ. ಒಂಬತ್ತು ವರ್ಷದಿಂದ ತಾನು ಬಿಡುವ ನೀರನ್ನು ಅವಳು ಮೇಲಿನಿಂದ ಒಮ್ಮೆಯೂ ನೋಡಿದವಳಲ್ಲ.

ನೋಡದೆ ಹೇಗೆ ತಿಳಿಯುತ್ತದೆ ಎಂದರೆ, ಅದಕ್ಕೊಂದು ಉಪಾಯವಿತ್ತು. ಟ್ಯಾಂಕಿನ ಒಳಗೆ ತೇಲುವ ಒಂದು ಡಬ್ಬಿ. ಡಬ್ಬಿಗೆ ಕಟ್ಟಿದ ತಂತಿ ಮೇಲೆ ಗಾಲಿಯ ಮೇಲೆ ಹಾದು ಹೊರಗೆ ಇಳಿದು, ತುದಿಗೆ ಒಂದು ಕಬ್ಬಿಣದ ಗುಂಡು. ಗುಂಡಿನ ಹಿಂದೆ ಗೋಡೆಯ ಮೇಲೆ ಉದ್ದಕ್ಕೆ ಅಂಕಿ ಬರೆದ ಪಟ್ಟಿ. ನೀರು ಏರಿದಂತೆ ಒಳಗಿನ ಡಬ್ಬಿ ಏರುತ್ತದೆ, ಹೊರಗಿನ ಗುಂಡು ಇಳಿಯುತ್ತದೆ. ಗುಂಡು ತೀರಾ ಕೆಳಗೆ ಬಂದರೆ ಟ್ಯಾಂಕು ತುಂಬಿತು. ತೀರಾ ಮೇಲೆ ಹೋದರೆ ಬರಿದಾಯಿತು. ಮದುವೆಯಾದ ಹೊಸದರಲ್ಲಿ ಬೊಮ್ಮಯ್ಯ ಅವಳಿಗೆ ಇದನ್ನು ಹೇಳಿಕೊಟ್ಟದ್ದು ಬಾವಿಯ ರಾಟೆ ತೋರಿಸಿ: ಈ ಕಡೆಯ ಕೊಡ ಮೇಲೆ ಬಂದರೆ ಆ ಕಡೆಯದು ಕೆಳಗೆ ಹೋಗಲೇಬೇಕು. ಅದಕ್ಕೇ ಪಟ್ಟಿಯ ಮೇಲೆ 'ಭರ್ತಿ' ಎಂದು ಕೆಳಗೆ ಬರೆದಿತ್ತು, 'ಖಾಲಿ' ಎಂದು ಮೇಲೆ.

ಹೋದ ವರ್ಷ ದೊಡ್ಡ ಸಾಹೇಬರು ಬರುತ್ತಾರೆಂದು ಟ್ಯಾಂಕಿಗೆ ಬಣ್ಣ ಹೊಡೆಸಿದರು. ಬಣ್ಣದವನು ಬೇರೆ ಊರಿನವನು, ತಿಳಿವಳಿಕೆಯುಳ್ಳವನು. ಹಳೆಯ ಬರಹ ನೋಡಿ, ಯಾವನೋ ಓದು ಬರದವನು ತಲೆಕೆಳಗೆ ಬರೆದಿದ್ದಾನೆಂದು ನಕ್ಕು, ಪುಣ್ಯ ಬರಲಿ ಅಂತ ತಾನೇ ತಿದ್ದಿಬಿಟ್ಟ. ಕೆಳಗೆ 'ಖಾಲಿ', ಮೇಲೆ 'ಭರ್ತಿ'. ಅದೂ ದೂರದ ಬಸ್ಸಿನಿಂದಲೂ ಓದಬಹುದಾದ ನೀಲಿ ಅಕ್ಷರಗಳಲ್ಲಿ. ಅಂಜಿನಕ್ಕ ಕೆಳಗಿನಿಂದ ಕೂಗಿ ಹೇಳಿದಳು. ತುಂಬಿದ್ದು ಕೆಳಗಿರುವ ಪಾತ್ರೆ ಯಾವುದಮ್ಮ, ನಿಮ್ಮ ಮನೆಯ ಕೊಡ ಹಾಗೇ ತುಂಬುತ್ತದೆಯೇ ಎಂದು ಅವನು ಕೇಳಿದ. ಜೊತೆಯವರು ನಕ್ಕರು. ಇಂಜಿನಿಯರು ಶ್ರೀನಾಥರಿಗೆ ಹೇಳಿದಳು. ಹೌದಲ್ಲ, ಬರೆಸೋಣ ಎಂದರು. ಅವರ ಬರೆಸೋಣಕ್ಕೆ ಒಂದು ವರ್ಷವಾಯಿತು.

ಅವಳಿಗೆ ಪಟ್ಟಿಯ ಹಂಗಿರಲಿಲ್ಲ. ಚಾವಿಯಿಂದ ಕೊಳವೆಗೆ ಒಮ್ಮೆ ತಟ್ಟಿದರೆ ಸಾಕು, ಟಣ್ ಎಂದರೆ ಬರಿದು, ದಪ್ಪ ಸದ್ದು ಬಂದರೆ ನೀರಿದೆ. ಆದರೆ ಊರಿಗೆ ಓದು ಬರುತ್ತಿತ್ತಲ್ಲ.

ಈ ಬೇಸಿಗೆಯಲ್ಲಿ ಹೊಳೆಯ ನೀರು ತರುವ ದೊಡ್ಡ ಪೈಪು ಎರಡು ಸಲ ಒಡೆಯಿತು. ಎಂಟು ದಿನಕ್ಕೊಮ್ಮೆ ಬಿಡುತ್ತಿದ್ದ ನೀರು ಹನ್ನೊಂದು ದಿನಕ್ಕೆ ಹೋಯಿತು. ಮೇಲೋಣಿಯ ನಲ್ಲಿಗಳು ಕೆಮ್ಮಿ ಸುಮ್ಮನಾದವು. ತಲೆ ಎತ್ತಿ ನೋಡಿದರೆ ಗುಂಡು ಮೇಲೆ, 'ಭರ್ತಿ' ಎಂಬ ನೀಲಿ ಅಕ್ಷರದ ಮಗ್ಗುಲಲ್ಲೇ ಕೂತಿದೆ. ಟ್ಯಾಂಕು ತುಂಬಿ ತುಳುಕುತ್ತಿದೆ, ಇವಳು ಬಿಡುತ್ತಿಲ್ಲ. ಇನ್ನೇನು ಬೇಕು?

ಒಂದು ಮಾತು ಹೇಳಬೇಕು, ಅಂಜಿನಕ್ಕನ ಕಡೆಗೂ ಒಂದು ತಪ್ಪಿತ್ತು. ಹಿಂದಿನ ಚಳಿಗಾಲದಲ್ಲಿ ನಾಗಲಿಂಗಮ್ಮ ಓಣಿಯ ಮಂದಿಯ ಮುಂದೆ, ಗಂಡನನ್ನು ನುಂಗಿದ ಗುಂಡಿಯಲ್ಲೇ ಅನ್ನ ತಿನ್ನುತ್ತಾಳೆ ಎಂದಿದ್ದಳು. ಅಂಜಿನಕ್ಕ ಚಾವಿ ಹೆಗಲಿಗೇರಿಸಿದಳು. ನಡೆದುಹೋಗಿ, ಮೇಲೋಣಿಯ ವಾಲನ್ನು ಅರ್ಧ ತಾಸು ಮೊದಲೇ ಮುಚ್ಚಿದಳು. ಒಂದೇ ಸಲ. ಆ ಅರ್ಧ ತಾಸನ್ನು ಮೇಲೋಣಿ ಮರೆಯಲಿಲ್ಲ. ಬೇಸಿಗೆಯ ಒಂದೊಂದು ಒಣ ದಿನಕ್ಕೂ ಅದನ್ನೇ ಸಾಕ್ಷಿ ಕರೆಯಿತು.

ವಾರ್ಡಿನ ಮೆಂಬರನ ಅಳಿಯ ಕ್ರಾಂತಿಕುಮಾರ್ ಬಿಳಿ ಅಂಗಿಯ ಹುಡುಗ, ಎರಡು ಸಲ ಪೊಲೀಸ್ ಪರೀಕ್ಷೆ ಬರೆದು ಬಂದವನು. ಗುಂಡಿನ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಬಿಟ್ಟ, ಕೆಳಗೆ 'ಭರ್ತಿ ಟ್ಯಾಂಕ್, ಬರಿದು ಕೊಡ' ಎಂದು ಬರೆದ. ಮಧ್ಯಾಹ್ನದೊಳಗೆ ಅಂಜಿನಕ್ಕ ಕಳ್ಳಿಯಾದಳು. ನೀರನ್ನು ತನ್ನ ಓಣಿಗೆ ಮಾತ್ರ ಹರಿಸುತ್ತಾಳೆ, ದಾಬಾದವರಿಗೆ ಮಾರುತ್ತಾಳೆ, ಇಟ್ಟಿಗೆ ಭಟ್ಟಿಗೆ ಕೊಡುತ್ತಾಳೆ. ಅರ್ಜಿ ಎದ್ದಿತು: ಚಾವಿ ಕಿತ್ತುಕೊಂಡು ಕ್ರಾಂತಿಕುಮಾರನಿಗೆ ಕೊಡಿ. ಮೊದಲ ಸಹಿ ನಾಗಲಿಂಗಮ್ಮನದು.

ಮರುದಿನ ಮುಂಜಾನೆ ಅಂಜಿನಕ್ಕ ಟ್ಯಾಂಕಿನ ಗೇಟು ತೆಗೆಯುವ ಹೊತ್ತಿಗೆ ಮೇಲೋಣಿಯ ಹೆಂಗಸರು ಬರಿ ಕೊಡ ಮುಂದಿಟ್ಟುಕೊಂಡು ಕೂತಿದ್ದರು. ಕೂತವರೆಲ್ಲ ಒಂದೊಂದು ಅಂದರು. ಒಬ್ಬಳು ಅವಳ ಸೀರೆಯನ್ನು ನೋಡಿ ದಾಬಾದವನ ಉಡುಗೊರೆಯೇ ಎಂದಳು. ಅಂಜಿನಕ್ಕ, ಹೌದು, ನಿನ್ನ ಗಂಡನೂ ಅಲ್ಲೇ ಕುಡಿಯುತ್ತಾನಲ್ಲ, ಅವನ ಕೈಯಲ್ಲೇ ಕೊಟ್ಟು ಕಳಿಸಿದ್ದ ಎಂದಳು. ಅಷ್ಟಕ್ಕೆ ಅರ್ಧ ಗುಂಪು ನಕ್ಕಿತು, ಅರ್ಧ ಎದ್ದು ನಿಂತಿತು.

ಆಗ ಅವಳು ಬಾವಿಯ ರಾಟೆಯ ಕತೆ ಹೇಳಿದಳು. ಗುಂಡು ಮೇಲಿದ್ದರೆ ನೀರು ಕೆಳಗೆ. ಬರೆದವನು ತಪ್ಪು ಬರೆದ. ಕೊಳವೆಗೆ ತಟ್ಟಿ ಸದ್ದನ್ನೂ ಕೇಳಿಸಿದಳು. ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಸದ್ದು ಬರದೆ ಸಂಗೀತ ಬರುತ್ತದೆಯೇ ಎಂದ, ಗುಂಪಿನ ಹಿಂದೆ ನಿಂತಿದ್ದ ಕ್ರಾಂತಿಕುಮಾರ್.

"ಹಂಗಾರ ಹತ್ತಿ ನೋಡಪಾ. ಓದಿದಾಂವ ಅದೀ. ಕಣ್ಣಿಲೇ ನೋಡಿ ಬಂದು ಹೇಳು, ಚಾವಿ ನಾನ ನಿನ್ನ ಕೈಯಾಗ ಇಡ್ತೀನಿ."

ಎಲ್ಲರೂ ಅವನನ್ನು ನೋಡಿದರು. ಅವನು ಅಂಗಿಯ ತೋಳು ಮಡಚಿ ಏಣಿ ಹತ್ತಿದ. ಎಂಟು ಮೆಟ್ಟಿಲು ಏರಿದ. ಒಂಬತ್ತನೆಯ ಮೆಟ್ಟಿಲು ತುಕ್ಕು ಹಿಡಿದು ಅರ್ಧ ಮುರಿದಿತ್ತು. ಅಲ್ಲೇ ನಿಂತು ಜೇಬು ಮುಟ್ಟಿಕೊಂಡು, ಫೋನು ಬರುತ್ತಿದೆ ಎಂದು ಇಳಿದ. ಯಾರಿಗೂ ಫೋನಿನ ಸದ್ದು ಕೇಳಿರಲಿಲ್ಲ.

ಅಂಜಿನಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಏಣಿಗೆ ಕೈ ಹಾಕಿದಳು. ನಾಗಲಿಂಗಮ್ಮ ಎದ್ದು ಬಂದು ಏಣಿಗೆ ಬೆನ್ನು ಕೊಟ್ಟು ನಿಂತಳು.

"ನನ್ನ ಹೆಣದ ಮ್ಯಾಲೆ ಹತ್ತು. ಲಿಂಗದ ನೀರಿನ ಮ್ಯಾಲೆ ನಿನ್ನ ಕಾಲು ಬೀಳಾಕ ಬಿಡಂಗಿಲ್ಲ."

"ನೀವೂ ಹತ್ತಂಗಿಲ್ಲ, ನನ್ನೂ ಹತ್ತಗೊಡಂಗಿಲ್ಲ. ನೋಡೋದು ಯಾರ್ರಿ ಮತ್ತ?"

"ನೋಡೋದೇನೈತಿ? ಬರದೈತಲ್ಲ."

ಬರೆದಿದೆಯಲ್ಲ. ಅಂಜಿನಕ್ಕ ಏಣಿಯಿಂದ ಕೈ ತೆಗೆದಳು. ಬೈಗುಳಕ್ಕೆ ಬೈಗುಳ ಉಂಟು, ನೀಲಿ ಅಕ್ಷರಕ್ಕೆ ಏನುಂಟು?

ಸೋಮವಾರ ಕಚೇರಿಗೆ ಕರೆಸಿದರು. ಜನರ ಬೇಡಿಕೆ, ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೋ ಎಂದರು ಶ್ರೀನಾಥರು, ಕಡತದಿಂದ ಕಣ್ಣೆತ್ತದೆ. ಬರಹ ತಿರುವುಮುರುವು ಎಂದು ನಿಮಗೆ ಗೊತ್ತಿದೆಯಲ್ಲ ಸಾರ್ ಎಂದಳು. ಗೊತ್ತಿದೆ, ಆದರೆ ಇಷ್ಟು ಮಂದಿಗೆ ಈಗ ಹೇಗೆ ಹೇಳುವುದು ಎಂದರು. ಅವಳು ಚಾವಿಯನ್ನು ಮೇಜಿನ ಮೇಲೆ ಅಡ್ಡ ಇಟ್ಟಳು. ಅದು ಉರುಳಿ ಅವರ ಚಹಾದ ಲೋಟವನ್ನು ಕೆಡವಿತು. ಅಂಜಿನಕ್ಕ ಒರೆಸಲಿಲ್ಲ.

ಕ್ರಾಂತಿಕುಮಾರನ ರಾಜ್ಯಭಾರ ಹೀಗೆ ನಡೆಯಿತು. ಮೊದಲ ದಿನ ಹಾರ ಹಾಕಿಸಿಕೊಂಡು ಮೇಲೋಣಿಯ ವಾಲ್ ತೆರೆದ. ನಲ್ಲಿಗಳು ಗಾಳಿ ಊದಿದವು. ಟ್ಯಾಂಕು ಭರ್ತಿ ಇದೆಯಲ್ಲ, ನೆಲದ ತೊಟ್ಟಿಯಿಂದ ಅದಕ್ಕೆ ನೀರೇರಿಸುವ ಪಂಪು ಹಾಕುವ ಮಾತೇ ಬರಲಿಲ್ಲ. ಕೊಳವೆಗೆ ಆ ಹೆಂಗಸು ಚಿಂದಿ ತುರುಕಿ ಹೋಗಿದ್ದಾಳೆ ಎಂದು ಎರಡು ಕಡೆ ಅಗೆಸಿದ. ಚಿಂದಿ ಸಿಗಲಿಲ್ಲ. ಮೂರು ದಿನ ಹೀಗೆ ಕಳೆಯಿತು. ಆ ಮೂರೂ ದಿನ ಅಂಜಿನಕ್ಕ ಬಾಗಿಲಲ್ಲಿ ಕೂತು ಹೋಗಿಬರುವವರ ಮುಖ ನೋಡಿದಳು. ಕೆಳಗಲ ಓಣಿಯವರೂ ಅವಳ ಪರವೇನಿರಲಿಲ್ಲ. ನಿನ್ನ ನಾಲಿಗೆಯಿಂದ ನಮ್ಮ ನೀರೂ ಹೋಯಿತು ಎಂದು ಮಗ್ಗುಲ ಮನೆಯ ಎರ್ರಮ್ಮ ಗೋಡೆಯಾಚೆಯಿಂದ ದಿನಕ್ಕೆರಡು ಸಲ ಹೇಳುತ್ತಿದ್ದಳು, ಮಾತ್ರೆ ನುಂಗಿದ ಹಾಗೆ.

ನಾಲ್ಕನೆಯ ದಿನ ಮುಂಜಾನೆ ಹೊಳೆಯ ನೀರು ಬಂದು ನೆಲದ ತೊಟ್ಟಿ ತುಂಬಿತು. ಪಂಪು ಹಾಕು ಎಂದು ಶ್ರೀನಾಥರು ಫೋನಿನಲ್ಲಿ ಹೇಳಿದರು. ಕ್ರಾಂತಿಕುಮಾರ್ ಪಂಪು ಹಾಕಿ, ಹೊರಗೆ ಬಂದು ಪಟ್ಟಿ ನೋಡುತ್ತ ನಿಂತ. ನೋಡನೋಡುತ್ತ ಗುಂಡು 'ಭರ್ತಿ' ಬಿಟ್ಟು ಇಳಿಯತೊಡಗಿತು. ಪಂಪು ಹೊಡೆಯುತ್ತಿದೆ, ನೀರು ಕಡಿಮೆಯಾಗುತ್ತಿದೆ! ಎಲ್ಲೋ ಸೋರುತ್ತಿದೆ ಎಂದು ಓಡಿಹೋಗಿ ಎಲ್ಲ ವಾಲುಗಳನ್ನೂ ಬಿಗಿಯಾಗಿ ಮುಚ್ಚಿದ. ಗುಂಡು ಇನ್ನೂ ಬೇಗ ಇಳಿಯಿತು. ಕೊನೆಗೆ 'ಖಾಲಿ'ಯ ಮೇಲೆ ಬಂದು ಕೂತಾಗ ಮೇಲಿನಿಂದ ನೀರು ಧೋ ಎಂದು ಸುರಿಯಿತು. ಅವನಿಗೆ ಒಂದೇ ಅರ್ಥ ಹೊಳೆಯಿತು: ಟ್ಯಾಂಕು ಸೀಳಿದೆ, ಇದ್ದ ನೀರೆಲ್ಲ ಹೊರಗೆ ಬರುತ್ತಿದೆ. ಎಲ್ಲರೂ ದೂರ ಹೋಗಿ ಎಂದು ಕೂಗುತ್ತ, ಪಂಪಿನ ಮನೆಗೆ ಬೀಗ ಹಾಕಿ, ಶ್ರೀನಾಥರನ್ನು ಕರೆತರಲು ಬೈಕು ಹತ್ತಿ ಕೂಡ್ಲಿಗಿಗೆ ಹೊರಟ. ಬೀಗದ ಕೈ ಅವನ ಜೇಬಿನಲ್ಲಿ, ಚಾವಿ ಪಂಪಿನ ಮನೆಯೊಳಗೆ, ಪಂಪು ತನ್ನಷ್ಟಕ್ಕೆ ತಾನು ಹೊಡೆಯುತ್ತಲೇ ಇತ್ತು.

ಮೇಲೋಣಿಯ ಚರಂಡಿಯಲ್ಲಿ ಪ್ಲಾಸ್ಟಿಕ್ಕಿಗಲ್ಲದೆ ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ನೀರು ನಾಗಲಿಂಗಮ್ಮನ ಅಂಗಡಿಯ ಹೊಸಿಲು ದಾಟಿ ಒಳಗೆ ಹೋಗಿ, ಶೇಂಗಾದ ಚೀಲಗಳ ಬುಡ ನೆನೆಸಿ, ಹಿತ್ತಲ ಬಾಗಿಲಿನಿಂದ ಇಳಿದು ಕೆಳಗಲ ಓಣಿಯ ದಾರಿ ಹಿಡಿಯಿತು. ಹಾಗೆ ಇಳಿದು ಇಳಿದು ಅಂಜಿನಕ್ಕನ ಬಾಗಿಲ ಮುಂದೆ ಬಂತು.

ಅವಳು ಸೊಪ್ಪು ಬಿಡಿಸುತ್ತಿದ್ದಳು. ಮೊದಲು ನಕ್ಕಳು. ಗಟ್ಟಿಯಾಗಿ, ಎರ್ರಮ್ಮನಿಗೆ ಕೇಳುವಂತೆ. ಮೇಲೋಣಿಯ ಮಂದಿ ಬಾಯಿ ಬಡಿದುಕೊಳ್ಳುವ ಸದ್ದು ಅವಳ ಕಿವಿಗೆ ಹಬ್ಬದ ಹಲಗೆಯಂತೆ ಕೇಳಿಸಿತು. ಆಮೇಲೆ ಆ ನೀರು ತಿಳಿಯಾಗಿ, ಬ್ಲೀಚಿಂಗ್ ಪೌಡರಿನ ವಾಸನೆಯಿಲ್ಲದೆ, ಹೊಸದಾಗಿ ಬಂದ ಹೊಳೆಯ ನೀರಾಗಿ ಅವಳ ಕಾಲ್ಬೆರಳ ನಡುವೆ ಹಾದು ಕೆಸರಿಗೆ ಹೋಯಿತು. ಊರು ಹನ್ನೊಂದು ದಿನ ದಾರಿ ಕಾದ ನೀರು. ಅವಳ ನಗು ಅಲ್ಲಿಗೇ ನಿಂತಿತು.

ಅಂಗಳದಲ್ಲಿ ಆಡು ಕಟ್ಟುವ ಗೂಟವಿತ್ತು. ಗೂಟವೆಂದರೆ ಬೊಮ್ಮಯ್ಯನ ಹಳೆಯ ಚಾವಿ, ಬಾಯಿ ಸವೆದು ಕಚೇರಿ ಬಿಸಾಡಿದ್ದು, ತಲೆಕೆಳಗಾಗಿ ನೆಲಕ್ಕೆ ಹೂಳಿದ್ದು. ಆಡನ್ನು ಬಿಚ್ಚಿ ಕಳಿಸಿ, ಅದನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತಳು. ಮಣ್ಣು ಒರೆಸುತ್ತಿರುವಾಗ ಬಾಗಿಲಲ್ಲಿ ನೆರಳು ಬಿತ್ತು. ನಾಗಲಿಂಗಮ್ಮ. ಮೊಣಕಾಲಿನವರೆಗೆ ಒದ್ದೆ ಸೀರೆ, ಕಾಲಿಗೆ ಚಪ್ಪಲಿಯಿಲ್ಲ. ಒಂಬತ್ತು ವರ್ಷದಲ್ಲಿ ಅವಳು ಈ ಓಣಿಗೆ ಕಾಲಿಟ್ಟದ್ದು ಇದೇ ಮೊದಲು. ಬೇಡಿಕೊಳ್ಳಲು ಬಂದವಳಂತೆ ಕಾಣಲಿಲ್ಲ.

"ಕುಂತು ಮಜಾ ನೋಡಾಕತ್ತೀಯೇನ? ಟ್ಯಾಂಕ್ ಸೀಳೈತಿ. ನನ್ನ ಚೀಲ ತೇಲಾಕತ್ಯಾವು."

"ಸೀಳಿಲ್ಲ, ತುಂಬೈತಿ."

ನಾಗಲಿಂಗಮ್ಮ ತಿರುಗಿ ಟ್ಯಾಂಕಿನ ಕಡೆ ನೋಡಿದಳು. ವ್ಯಾಪಾರಸ್ಥೆ; ತಕ್ಕಡಿ ಯಾವ ಕಡೆ ತೂಗಿತು ಎಂದು ಅವಳಿಗೆ ತಡವಾಗಿಯಾದರೂ ತಿಳಿಯುತ್ತದೆ. ಇಷ್ಟು ಹೊತ್ತು ಮಂದಿಯೆಲ್ಲ ಓಡಿಹೋಗಿ ದೂರ ನಿಂತಿದ್ದರು. ಯಾರೂ ಟ್ಯಾಂಕಿನ ಹತ್ತಿರ ಸುಳಿದಿರಲಿಲ್ಲ.

"ಹಂಗಾರ ಏಳು. ನಿಲ್ಲಸು ಹೋಗು."

ಅಂಜಿನಕ್ಕ ಕಿತ್ತ ಚಾವಿಯನ್ನು ಬೆನ್ನ ಹಿಂದೆ ಗೋಡೆಗೆ ಒರಗಿಸಿ ಕೂತೇಬಿಟ್ಟಳು. ಅವಳು ಹೋಗುವವಳೇ ಇದ್ದಳು. ಆದರೆ ಅದನ್ನು ನಾಗಲಿಂಗಮ್ಮನಿಗೆ ಪುಕ್ಕಟೆ ಹೇಳುವುದು ಯಾಕೆ?

"ಚಾವಿ ಇಸ್ಕೊಂಡೋರು ನೀವ. ಮೊದಲ ಸಹಿ ನಿಮ್ದ."

"ಸಹಿ ಹಿಂದಕ್ಕ ತಗೊಂತೀನಿ."

"ಅಷ್ಟಕ್ಕ ಏಳಂಗಿಲ್ಲ. ಟ್ಯಾಂಕಿನ ಪಟ್ಟಿ ಮ್ಯಾಲೆ ನಾನ ಬರೀತೀನಿ. ಬರಿಯಾಕ ಹತ್ತತೀನಿ. ಇನ್ ಮುಂದ ಬೇಕಂದಾಗೆಲ್ಲ ಹತ್ತತೀನಿ, ಇಣುಕಿ ನೋಡ್ತೀನಿ."

ಮೇಲಿನಿಂದ ಯಾರದೋ ಡಬ್ಬ ತೇಲಿಕೊಂಡು ಬಂದು ಇಬ್ಬರ ನಡುವೆ ಹಾದುಹೋಯಿತು. ನಾಗಲಿಂಗಮ್ಮ ಅದನ್ನು ನೋಡಿದಳು. ತನ್ನ ಅಂಗಡಿಯ ಅಳತೆಯ ಸೇರು.

"ಹತ್ತು," ಎಂದಳು, ಹಲ್ಲು ಕಚ್ಚಿ. "ಹತ್ತಿ ಸಾಯಿ."

ಅಂಜಿನಕ್ಕ ಚಾವಿ ಹೆಗಲಿಗೇರಿಸಿ ದಿಬ್ಬ ಹತ್ತಿದಳು. ದೂರ ನಿಂತವರು, ಸೀಳಿದ ಟ್ಯಾಂಕಿನ ಕೆಳಗೆ ಹೋಗುತ್ತಾಳಲ್ಲ ಎಂದು ಕೂಗಿದರು. ಒಳಗೊಳಗೆ ಕೆಲವರಿಗೆ ಹೋಗಲಿ ಎಂದೂ ಇತ್ತು. ಸುರಿಯುವ ನೀರಿನಲ್ಲಿ ತೊಯ್ದು ಅವಳು ವಾಲಿನ ಗುಂಡಿಯ ಮುಚ್ಚಳ ಎತ್ತಿದಳು. ಮೊದಲು ಸರಳಿನಿಂದ ಒಳಗೆಲ್ಲ ಕೆದಕಿದಳು. ಬೊಮ್ಮಯ್ಯನ ನಂತರ ಕೆದಕದೆ ಕೈ ಇಳಿಸಿದ್ದಿಲ್ಲ. ಆಮೇಲೆ ಸವೆದ ಬಾಯಿಯನ್ನು ವಾಲಿನ ತಲೆಗೆ ಕೂರಿಸಿದಳು. ಜಾರಿತು. ಸೆರಗಿನ ತುದಿ ಹರಿದು ಬಾಯಿಗೆ ಸುತ್ತಿ ಮತ್ತೆ ಕೂರಿಸಿದಳು, ಎದೆ ಒತ್ತಿ ತಿರುಗಿಸಿದಳು. ಮೊದಲು ಮೇಲೋಣಿ. ಆಮೇಲೆ ಕೆಳಗಲ ಓಣಿ. ಪಂಪಿನ ಮನೆಯ ಬೀಗದ ಕೈ ಇಲ್ಲದಿದ್ದರೇನು, ಬರುವ ನೀರಿಗೆ ಹೋಗುವ ದಾರಿ ಮಾಡಿದರೆ ಆಯಿತು. ಓಣಿ ಓಣಿಯಲ್ಲಿ ನಲ್ಲಿಗಳು ಒಮ್ಮೆಲೇ ಬಾಯಿ ಬಿಟ್ಟವು. ಮೇಲಿನ ಸುರಿತ ಸಣ್ಣದಾಯಿತು, ಎಳೆಯಾಯಿತು, ಹನಿಯಾಗಿ ನಿಂತಿತು. ಟ್ಯಾಂಕಿಗೆ ಹೆದರಿ ಓಡಿದ್ದ ಮಂದಿ ಕೊಡ ಹಿಡಿದು ಅದಕ್ಕಿಂತ ಜೋರಾಗಿ ವಾಪಸು ಓಡಿದರು.

ಕ್ರಾಂತಿಕುಮಾರನ ಬೈಕಿನ ಹಿಂದೆ ಕೂತು ಶ್ರೀನಾಥರು ಬಂದಾಗ ಟ್ಯಾಂಕು ನೆಟ್ಟಗೆ ನಿಂತಿತ್ತು. ಅವರು ಪಟ್ಟಿ ನೋಡಿದರು, ಮೆಂಬರನ ಅಳಿಯನನ್ನು ನೋಡಿದರು, ತಮಗೆ ಮೊದಲೇ ಗೊತ್ತಿದ್ದದ್ದನ್ನು ಈಗ ತಿಳಿದವರಂತೆ ತಲೆ ಅಲ್ಲಾಡಿಸಿದರು. ಪಂಪಿನ ಮನೆ ತೆರೆಸಿ, ಒಳಗಿದ್ದ ಚಾವಿಯನ್ನು ತಾವೇ ಎತ್ತಿ ಅಂಜಿನಕ್ಕನ ಮುಂದೆ ಹಿಡಿದರು. ಅವಳು ತೆಗೆದುಕೊಂಡಳು, ನಮಸ್ಕಾರ ಹೇಳಲಿಲ್ಲ.

ಮರುದಿನ ಒಂದು ಡಬ್ಬಿ ನೀಲಿ ಬಣ್ಣ, ಒಂದು ಕುಂಚ ಸೊಂಟಕ್ಕೆ ಕಟ್ಟಿಕೊಂಡು ಅಂಜಿನಕ್ಕ ಏಣಿ ಹತ್ತಿದಳು. ಅರ್ಧ ಊರು ಕತ್ತೆತ್ತಿ ನಿಂತಿತ್ತು. ಒಬ್ಬರೂ ಭಲೆ ಎನ್ನಲಿಲ್ಲ. ಹರಿದುಹೋದ ನೀರಿನ ಲೆಕ್ಕ ಈಗಾಗಲೇ ಅವಳ ತಲೆಗೇ ಬಂದಿತ್ತು: ಗೊತ್ತಿದ್ದವಳು ಮೊದಲೇ ಬಂದು ಮುಚ್ಚಬಾರದಿತ್ತೇ, ಬೇಕೆಂದೇ ಕೂತಳು. ನಾಗಲಿಂಗಮ್ಮ ಅಂಗಡಿಯ ಮುಂದೆ ಶೇಂಗಾ ಹರವಿ ಒಣಗಿಸುತ್ತಿದ್ದಳು. ತಲೆ ಎತ್ತುವುದಿಲ್ಲ ಎಂದು ಹಟ ಹಿಡಿದಂತೆ ಕೂತಿದ್ದವಳು, ಅಂಜಿನಕ್ಕ ಎಂಟನೆಯ ಮೆಟ್ಟಿಲು ಮುಟ್ಟಿದಾಗ ಎತ್ತಿದಳು.

"ಒಂಬತ್ತನೇದು ಮುರದೈತಿ, ಕುಲಗೇಡಿ. ನೋಡಿ ಕಾಲಿಡು. ಬಿದ್ದು ಸತ್ರ ನಾಳೆ ನನ್ನ ಪಾಳಿ ನೀರು ಬಿಡೋರು ಯಾರು?"

ಅಂಜಿನಕ್ಕ ಒಂಬತ್ತನೆಯದನ್ನು ದಾಟಿ ಹತ್ತನೆಯದಕ್ಕೆ ಕಾಲಿಟ್ಟಳು. ಕೊನೆಯ ಮೆಟ್ಟಿಲಿನಲ್ಲಿ ನಿಂತು, ಮುಚ್ಚಳ ಸರಿಸಿ, ಒಳಗೆ ಇಣುಕಿದಳು. ಕಪ್ಪು ನೀರು, ಅದರಲ್ಲಿ ತೇಲುವ ಡಬ್ಬಿ, ಡಬ್ಬಿಯ ಮಗ್ಗುಲಲ್ಲಿ ತನ್ನದೇ ತಲೆಯ ನೆರಳು. ಇಷ್ಟೇ. ಇದಕ್ಕಾಗಿ ಒಂಬತ್ತು ವರ್ಷ. ಮುಚ್ಚಳ ಎಳೆದು, ಎದುರಿನ 'ಭರ್ತಿ'ಯ ಮೇಲೆ ಮೊದಲ ಅಡ್ಡಗೆರೆ ಎಳೆದಳು. ಬಣ್ಣದ ಒಂದು ಹನಿ ಕೆಳಗೆ ಹರವಿದ್ದ ಶೇಂಗಾದ ಮೇಲೆ ಬಿತ್ತು. ಕೆಳಗಿನಿಂದ ಬೈಗುಳ ಶುರುವಾಯಿತು.